ಪೂಜೆಗಿಟ್ಟ ಮೊಬೈಲು

“ಮುಟ್ಟಬ್ಯಾಡ್ರಿ ಮೇಡಂ! ಪಾಪ ಬರತೈತಿ!”

ಕಾನ್‌ಸ್ಟೇಬಲ್ ಬಾಳೇಶ ಕೂಗಿದ ರಭಸಕ್ಕೆ ಪಿಎಸ್‌ಐ ಉಮಾಶ್ರೀಯ ಕೈ ಗಾಳಿಯಲ್ಲೇ ನಿಂತುಬಿಟ್ಟಿತು. ಅವಳ ಬೆರಳಿಗೂ ಮೇಜಿನ ಮೇಲಿದ್ದ ಮೊಬೈಲಿಗೂ ನಡುವೆ ಒಂದು ಚೆಂಡುಹೂವು ಹಿಡಿಸುವಷ್ಟು ಜಾಗ ಮಾತ್ರ ಉಳಿದಿತ್ತು.

“ಬಾಳೇಶಪ್ಪಾ, ಇದು ಸಾಕ್ಷಿ. ಪ್ರಸಾದ ಅಲ್ಲ.”

“ಸಾಕ್ಷಿ ಇರವಲ್ದ್ಯಾಕ್ರಿ. ಖಂಡೇಪೂಜಿಗೆ ಇಟ್ಟದ್ದು ಬನ್ನಿ ಮುಡಿಯೂತನಕ ಕದಲಿಸಬಾರದು. ನಮ್ಮಪ್ಪ ಕುಡಗೋಲ ಸೈತ ಮುಟ್ಟಾಕ ಬಿಡತಿದ್ದಿಲ್ಲ. ಒಂದ್ಸಲ ನಾ ಕದ್ದು ತೊಗೊಂಡ ಹೋಗಿ ಬೆರಳ ಕೊಯ್ಕೊಂಡೆ, ಇಲ್ಲೇ ನೋಡ್ರಿ ಗುರ್ತ...”

“ಬೆರಳ ಆಮ್ಯಾಲೆ ತೋರಸು. ಮೊದಲ ಬಾಗಲಾ ಹಾಕು.”

ಬಾಳೇಶ ಬಾಗಿಲು ಹಾಕಿದ. ಆದರೂ ಮನಸ್ಸು ತಡೆಯದೆ ಒಮ್ಮೆ ಮೇಜಿಗೆ ಕೈ ಮುಗಿದ.

ಮುಗಿಯುವಂತೆಯೇ ಇತ್ತು. ಮುನವಳ್ಳಿಯ ನದಿದಂಡೆ ಎಚ್ಚರಿಕೆ ಕೇಂದ್ರದ ಸಂಸಾರವೆಲ್ಲ ಆ ಮೇಜಿನ ಮೇಲೆ ಸಾಲಾಗಿ ಕೂತಿತ್ತು. ಕಂಪ್ಯೂಟರಿಗೆ ವಿಭೂತಿ, ಕೀಬೋರ್ಡಿಗೆ ಕುಂಕುಮ, ಸೈರನ್ನಿನ ಮೈಕಿಗೆ ಚೆಂಡುಹೂವಿನ ಹಾರ, ಜೀಪಿನ ನಟ್ಟು ಬಿಚ್ಚುವ ಪಾನಾಗಳಿಗೆ ಒಂದೊಂದು ಹೂವು. ಎಲ್ಲದರ ನಡುವೆ ಮದುಮಗನ ಗತ್ತಿನಲ್ಲಿ ಅಂಗಾತ ಮಲಗಿತ್ತು ಕೇಂದ್ರದ ಮೊಬೈಲು. ಅದರ ಚಾರ್ಜರ್ ವೈರಿಗೂ ಯಾರೋ ಭಕ್ತಿಯಿಂದ ಹೂವು ಸುತ್ತಿದ್ದರು.

ನಿನ್ನೆ ಇಲ್ಲಿ ಆಯುಧಪೂಜೆ ನಡೆದ ಹೊತ್ತಿನಲ್ಲೇ ಕೇಂದ್ರದ ಫೇಸ್‌ಬುಕ್ ಪೇಜು ಯಾರದೋ ಕೈ ಸೇರಿತ್ತು. ಸಂಜೆಗೆ ಅದರಲ್ಲಿ ಒಂದು ಸುದ್ದಿ ಬಿತ್ತು: “ಡ್ಯಾಮಿನ ಗೇಟು ತೆರೆಯಲಾಗುತ್ತಿದೆ. ನದಿದಂಡೆಯವರು ಕೂಡಲೇ ಮೇಲಕ್ಕೆ ಹೋಗಿ.”

ಮುನವಳ್ಳಿಯಿಂದ ರಾಮದುರ್ಗದವರೆಗೆ ಮಲಪ್ರಭೆಯ ದಂಡೆಯ ರೈತರು ಇಂಥ ಸುದ್ದಿ ಬಂದಾಗಲೆಲ್ಲ ಏನು ಮಾಡುತ್ತಾರೋ ಅದನ್ನೇ ಮಾಡಿದರು. ಹೊಳೆಯೊಳಗಿನ ಪಂಪ್‌ಸೆಟ್ ಮೋಟಾರುಗಳನ್ನು ಬಿಚ್ಚಿ, ಹೊತ್ತು ತಂದು, ಡಾಂಬರು ರಸ್ತೆಯ ಬದಿಗೆ ಒಂದೇ ಕಡೆ ಒಟ್ಟಿದರು. ಆಮೇಲೆ ಮಕ್ಕಳು ಮರಿ ಕಟ್ಟಿಕೊಂಡು ದಿಬ್ಬ ಹತ್ತಿದರು.

ಹೊಳೆಗೆ ನೀರು ಬರಲಿಲ್ಲ. ರಸ್ತೆಗೆ ಲಾರಿ ಬಂತು.

ಬೆಳಗಾದ ಮೇಲೆ ನೋಡಿದರೆ ಒಂದು ಮೋಟಾರೂ ಇಲ್ಲ. ಕಳ್ಳ ಹೊಳೆಗೆ ಇಳಿದು ಕಾಲು ತೋಯಿಸಿಕೊಳ್ಳಲಿಲ್ಲ, ಬೆವರೂ ಸುರಿಸಲಿಲ್ಲ. ಮಾಲಕರ ಕೈಯಲ್ಲೇ ಬಿಚ್ಚಿಸಿ, ಹೊರಿಸಿ, ರಸ್ತೆಗೆ ತರಿಸಿಕೊಂಡು, ಕಿತ್ತೂರಿನ ಹೈವೇ ಹತ್ತಿ ಮಾಯವಾಗಿದ್ದ.

ಸಿಕ್ಕಿಬಿದ್ದವಳು ಮಾತ್ರ ಮೀನಾ. ಕೇಂದ್ರದ ಗುತ್ತಿಗೆ ಆಪರೇಟರ್, ಪೇಜಿನ ಪಾಸ್‌ವರ್ಡ್ ಗೊತ್ತಿದ್ದವಳು, ಈ ಮೊಬೈಲನ್ನು ಇಟ್ಟುಕೊಂಡವಳು. ಈಗ ಸವದತ್ತಿಯ ಠಾಣೆಯ ಬೆಂಚಿನ ಮೇಲೆ ಕೂತಿದ್ದಾಳೆ. ಅವಳ ತಾಯಿ ರಾಚವ್ವ ಹೊರಗಿನ ಕಟ್ಟೆಯ ಮೇಲೆ ಕೂತಿದ್ದಾಳೆ. ಮಗಳು ಬರುವತನಕ ನೀರು ಮುಟ್ಟುವುದಿಲ್ಲವಂತೆ.

ಬೈಲಹೊಂಗಲದಿಂದ ಡಿವೈಎಸ್‌ಪಿ ಮಲಕಾಜಪ್ಪ ಸಾಹೇಬರು ಬೆಳಿಗ್ಗೆಯೇ ಫೋನಿನಲ್ಲಿ ಗುಡುಗಿದ್ದರು. “ರೈತರು ರಸ್ತೆಗೆ ಕುಂತಾರು. ದೀಪಾ ಹಚ್ಚೂ ಹೊತ್ತಿಗೆ ನೀ ಬ್ಯಾರೆ ಯಾರನ್ನರ ತೋರಸು. ಇಲ್ಲಾಂದ್ರ ಆ ಹುಡುಗೀನ್ನ ಜಡ್ಜ್ ಮುಂದ ನಿಂದ್ರಸ್ತೇನಿ.”

ಮೀನಾ ಹೇಳಿದ್ದು ಒಂದೇ ಮಾತು. “ಅಕ್ಕಾರ, ಪೂಜಿಗೆ ಇಟ್ಟಮ್ಯಾಲೆ ನಾ ಆ ಮೊಬೈಲ್ ಮುಟ್ಟಿಲ್ರಿ. ನಮ್ಮವ್ವನ ಆಣಿ.”

ಉಮಾಶ್ರೀ ಬಗ್ಗಿ, ಮೂಗು ಹೂವಿಗೆ ತಾಗುವಷ್ಟು ಹತ್ತಿರ ಹೋಗಿ ನೋಡಿದಳು.

ಮೊಬೈಲಿನ ಗಾಜಿನ ಮೇಲೆ ವಿಭೂತಿಯ ಮೂರು ಪಟ್ಟೆ. ಒಣಗಿ, ಚೂರೂ ಕದಡದೆ, ಪೂಜೆ ಮಾಡಿದ ಗಂಗಯ್ಯ ಅಯ್ಯನವರ ಬೆರಳಿನ ಗೆರೆಯ ಸಮೇತ ಹಾಗೇ ಇದ್ದವು. ಯಾರಾದರೂ ಗಾಜಿನ ಮೇಲೆ ಬೆರಳು ಸರಿಸಿದ್ದರೆ ಈ ಪಟ್ಟೆ ಉಳಿಯುತ್ತಿತ್ತೇ?

“ಆಕಿ ಮುಟ್ಟಿಲ್ಲ ಬಾಳೇಶ. ಯಾರೂ ಮುಟ್ಟಿಲ್ಲ.”

“ಮತ್ತ ಓಟಿಪಿ ಹೆಂಗ ಹ್ವಾತ್ರಿ? ಹಾರಿ ಹ್ವಾತೇನು?”

ಉಮಾಶ್ರೀ ಪೆನ್ನಿನ ತುದಿಯಿಂದ ಮೊಬೈಲಿನ ಬದಿಯ ಗುಂಡಿ ಒತ್ತಿದಳು. ಬಾಳೇಶ ಕಣ್ಣು ಮುಚ್ಚಿಕೊಂಡ. ಗಾಜು ಬೆಳಗಿತು. ಬೀಗ ತೆಗೆಯದಿದ್ದರೂ, ವಿಭೂತಿಯ ಎರಡು ಪಟ್ಟೆಗಳ ಸಂದಿಯಲ್ಲಿ ನಿನ್ನೆ ಬಂದ ಸಂದೇಶ ಕೂತಿತ್ತು. ನಿಮ್ಮ ಪಾಸ್‌ವರ್ಡ್ ಬದಲಿಸುವ ಕೋಡ್ ಇದು, ಯಾರಿಗೂ ಹೇಳಬೇಡಿ ಎಂದು ಬರೆದು, ಮುಂದೆ ಅಂಕಿಗಳು ದಪ್ಪಗೆ ಹೊಳೆಯುತ್ತಿದ್ದವು.

“ಮುಟ್ಟಲಾರದನೂ ಓದಬಹುದು,” ಎಂದಳು ಉಮಾಶ್ರೀ. “ಕಳ್ಳ ಎಲ್ಲೋ ಕುಂತು ‘ಪಾಸ್‌ವರ್ಡ್ ಮರೆತೇನಿ’ ಅಂತ ಒತ್ಯಾನ. ಕೋಡ್ ಇಲ್ಲಿಗೆ ಬಂದೈತಿ. ಇಲ್ಲಿದ್ದವರ ಪೈಕಿ ಯಾರದೋ ಕಣ್ಣ ಇದರ ಮ್ಯಾಲೆ ಬಿದ್ದೈತಿ.”

“ಇಲ್ಲಿದ್ದವ್ರು ಯಾರ್ಯಾರ್ರಿ?”

“ಅಯ್ಯನವರು, ಅವರ ಮನಿಯವರು, ಮೀನಾ, ಮತ್ತ ಜೀಪಿನ ಡ್ರೈವರ್ ಕಲ್ಮೇಶ.”

ಬಾಳೇಶ ತಲೆ ಕೆರೆದುಕೊಂಡ. “ಅಯ್ಯನವರ ಮನಿಯವ್ರು ಅಂದ್ರ ದೇವಕ್ಕಾರ ಹೌದಲ್ರಿ? ನಮ್ಮವ್ವನ ತವರೂರ ಸಿರಸಂಗಿಯವ್ರು. ನಿನ್ನಿ ಪೂಜಿ ವಿಡಿಯೋ ಸ್ಟೇಟಸ್ ಇಟ್ಟಿದ್ರು. ನಾ ಕೈ ಮುಗಿಯೂ ಚಿತ್ರಾ ಕಳಿಸಿದ್ದೆ.”

ಉಮಾಶ್ರೀ ಅವನನ್ನೇ ನೋಡಿದಳು.

“ಇದನ್ನ ಬೆಳಗಿನಿಂದ ಹೊಟ್ಯಾಗ ಇಟ್ಕೊಂಡು ಬೆರಳ ತೋರಸಾಕ ಬಂದಿಯಲ್ಲೋ!”

* * *

ಕೇಂದ್ರದ ಮುಖ್ಯಸ್ಥ ಗಂಗಯ್ಯನವರ ಮನೆ ಎರಡು ಓಣಿ ಆಚೆ. ಬನ್ನಿಯ ಸಂಜೆ ಬೇರೆ. ಓಣಿಯೆಲ್ಲ ಹೊಸ ಬಟ್ಟೆಯ ವಾಸನೆ. ಎದುರು ಸಿಕ್ಕವರೆಲ್ಲ ಬನ್ನಿ ಎಲೆ ಕೈಗಿಟ್ಟು “ಬಂಗಾರದಂಗ ಇರೂಣು” ಎನ್ನುತ್ತಿದ್ದರು. ಯೂನಿಫಾರ್ಮ್ ನೋಡಿ ಮಾತ್ರ ಒಂದು ಕ್ಷಣ ತಡೆಯುತ್ತಿದ್ದರು. ಒಬ್ಬ ಮುದುಕ ತಡೆಯಲಿಲ್ಲ. ಬನ್ನಿ ಕೊಟ್ಟವನೇ ಉಮಾಶ್ರೀಯ ಕೈ ಹಿಡಿದುಕೊಂಡ.

“ಬಂಗಾರ ಇರಲಿ ಯವ್ವಾ. ನಮ್ಮ ಮೋಟಾರ್ ತರ್ರಿ.”

ಅವಳು ಕೈ ಬಿಡಿಸಿಕೊಳ್ಳಲಿಲ್ಲ. “ತರತೇನಿ ಅಜ್ಜಾರ,” ಎಂದಳು. ಆಮೇಲೆ ಅಂದದ್ದಕ್ಕೆ ತಾನೇ ಗಾಬರಿಯಾದಳು.

ಗಂಗಯ್ಯನವರ ಅಂಗಳದಲ್ಲಿ ಜನ ಗಿಜಿಗುಡುತ್ತಿತ್ತು. ಓಣಿಗೆ ಹಿರಿಯರು, ಬನ್ನಿ ಕೊಟ್ಟು ಕಾಲಿಗೆ ಬೀಳಲು ಎಲ್ಲರೂ ಬರಬೇಕು. ಪೊಲೀಸರನ್ನು ಕಂಡು ಅವರ ಮುಖದ ನಗೆ ಅರ್ಧಕ್ಕೆ ನಿಂತಿತು. ದೇವಕ್ಕ ಮಾತ್ರ ಸಂಭ್ರಮದಿಂದ ಎದ್ದು ಬಂದಳು.

“ಬರ್ರಿ ಬರ್ರಿ, ಕುಂಡ್ರಿ. ಹೋಳಗಿ ತಿಂತೀರೇನು?”

“ಹೋಳಗಿ ಆಮ್ಯಾಲೆ ಅಮ್ಮಾರ. ಮೊದಲ ನಿನ್ನಿ ಪೂಜಿ ವಿಡಿಯೋ ತೋರಸ್ರಿ.”

“ಅಯ್ಯ, ಅದಕ್ಕೇನಂತ! ನಮ್ಮವರು ಆರತಿ ಮಾಡೂದು ಭಾಳ ಚಂದ ಬಂದೈತಿ ನೋಡ್ರಿ,” ಎಂದು ದೇವಕ್ಕ ಒಳಗಿನ ಕೋಣೆಗೆ ಕರೆದೊಯ್ದಳು. ಗಂಗಯ್ಯನವರು ಬಾಗಿಲಲ್ಲೇ ಹೆಗಲ ವಸ್ತ್ರ ಹಿಸುಕುತ್ತ ನಿಂತರು.

ವಿಡಿಯೋದಲ್ಲಿ ಜಾಗಟೆಯ ಸದ್ದು ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. ಗಂಗಯ್ಯನವರು ಆರತಿ ಎತ್ತುತ್ತಾರೆ. ಕಿಟಕಿಯಾಚೆ ಮೀನಾ ಕಾಣುತ್ತಾಳೆ. ಜೀಪಿನ ಮೂತಿಗೆ ಹಾರ ಕಟ್ಟುತ್ತಿದ್ದಾಳೆ, ಬೆನ್ನು ಈ ಕಡೆಗೆ.

ಉಮಾಶ್ರೀ ಪರದೆಯತ್ತ ಇನ್ನಷ್ಟು ಬಗ್ಗಿದಳು.

ಮೇಜಿನ ಮೇಲೆ ಮೊಬೈಲು ಒಮ್ಮೆಲೇ ಬೆಳಗುತ್ತದೆ. ಕೋಡ್ ಬಂದ ಗಳಿಗೆ ಅದೇ. ಮೀನಾ ಹೊರಗೇ ಇದ್ದಾಳೆ. ಹಾರದ ಗಂಟು ಸಿಕ್ಕು ಬಿದ್ದು, ಹಲ್ಲಿನಿಂದ ಬಿಡಿಸುತ್ತಿದ್ದಾಳೆ. ಆಮೇಲೂ ಅಲ್ಲೇ ಇದ್ದಾಳೆ.

“ಹುಡುಗಿ ಉಳದ್ಲು,” ಎಂದು ಬಾಳೇಶ ಪಿಸುಗುಟ್ಟಿದ.

“ತಡಿ. ಇವನ್ನ ನೋಡು,” ಎಂದು ಉಮಾಶ್ರೀ ವಿಡಿಯೋ ತುಸು ಹಿಂದಕ್ಕೆ ಸರಿಸಿದಳು.

ಜೀಪಿನ ಡ್ರೈವರ್ ಕಲ್ಮೇಶ. ತನ್ನ ಸ್ವಂತ ಮೊಬೈಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಪೂಜೆಯನ್ನು ಚಿತ್ರ ಹಿಡಿಯುತ್ತಿದ್ದಾನೆ. ತನ್ನ ಪರದೆಯಲ್ಲಿ ಏನನ್ನೋ ಓದುತ್ತಾನೆ. ನಗುತ್ತಾನೆ. ಆಮೇಲೆ ಎರಡು ಹೆಜ್ಜೆ ಮುಂದೆ ಬಂದು, ಬಗ್ಗಿ, ತನ್ನ ಮೊಬೈಲನ್ನು ಮೇಜಿನ ಮೊಬೈಲಿನ ಮುಖಕ್ಕೇ ಹಿಡಿಯುತ್ತಾನೆ. ಅದು ಬೆಳಗಿದ್ದು ಆಗಲೇ.

“ಇಂವಾ ಏನ್ ಮಾಡಾಕತ್ತಾನ್ರಿ ಅಯ್ಯನವರ?”

ಗಂಗಯ್ಯನವರು ಗಂಟಲು ಸರಿಪಡಿಸಿಕೊಂಡರು. “ಲೈವ್ ಬಿಟ್ಟಿದ್ವಿ ಮೇಡಂ. ಪೇಜಿನ್ಯಾಗ. ಊರ ಮಂದಿ ಕುಂತಲ್ಲೇ ಪೂಜಿ ನೋಡ್ಲಿ ಅಂತ.”

“ಡ್ರೈವರನ ಮೊಬೈಲಿಂದ ಯಾಕ?”

“ಆಫೀಸಿಂದು ಪೂಜಿಗೆ ಇಟ್ಟಿದ್ವಲ್ರಿ! ಪೂಜಿಗೆ ಇಟ್ಟದ್ದರಿಂದ ಕೆಲಸಾ ಮಾಡಸಬಾರದು. ಅದಕ್ಕ ಮೀನಾಗ ಹೇಳಿ ಅವನ ಮೊಬೈಲಿನ್ಯಾಗ ಪೇಜ್ ತಗಸಿ ಕೊಡಸಿದ್ನಿ.”

“ಹಂಗಾರ ಅದನ್ನ ಆಫ್ ಮಾಡಿ ಇಡಬೇಕಿತ್ತಲ್ರಿ.”

ಗಂಗಯ್ಯನವರು ಗಾಬರಿಬಿದ್ದರು. “ಆಫ್? ಹಬ್ಬದ ದಿನಾ? ಸತ್ತ ಯಂತ್ರಕ್ಕ ಪೂಜಿ ಮಾಡತಾರೇನ್ರಿ? ಜೀವಾ ಇದ್ದು ಬೆಳಗಬೇಕು ಅಂತ ನಾನ ಚಾರ್ಜಿಗೆ ಹಚ್ಚಿಸೀನಿ.”

ಉಮಾಶ್ರೀಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೋಡ್ ಬಂದದ್ದು ಒಂದು ಕೋಣೆಗಲ್ಲ. ಇಡೀ ಲೋಕದ ಎದುರು, ಹೂವು ಏರಿಸಿ, ಆರತಿ ಬೆಳಗಿ ತೋರಿಸಿದ್ದರು.

“ಲೈವ್ ಎಲ್ಲಿತನಕ ನಡೀತು?”

“ನಡಕ ಕಟ್ ಆತ್ರಿ. ಡಾಟಾ ಮುಗೀತು ಅಂದ ಕಲ್ಮೇಶ.”

ಡಾಟಾ ಮುಗಿದಿರಲಿಲ್ಲ. ಪೇಜಿನ ಬೀಗ ಬದಲಾಗಿತ್ತು.

* * *

ಉಮಾಶ್ರೀ ಗಂಡಹೆಂಡಿರನ್ನು ಕೋಣೆಯಿಂದ ಹೊರಗೆ ಕಳಿಸಿದಳು. ಕಲ್ಮೇಶ ದೂರ ಹೋಗಿರಲಿಲ್ಲ. ಅಂಗಳದಲ್ಲೇ ಬನ್ನಿ ಹಂಚುತ್ತಿದ್ದ. ಬಾಳೇಶ ಹೆಗಲ ಮೇಲೆ ಕೈ ಹಾಕಿ, ಬೀಗರನ್ನು ಊಟಕ್ಕೆ ಕರೆದಂತೆ ನಗುನಗುತ್ತ ಕೋಣೆಗೆ ಕರೆತಂದ. ಒಳಗೆ ಬಂದವನೇ ಕಲ್ಮೇಶ ಉಮಾಶ್ರೀಯನ್ನು ಕಂಡು ಗೋಡೆಗೆ ಒರಗಿದ. ತೆಳ್ಳಗಿನ ಆಳು, ಹೊಸ ಬಿಳಿ ಅಂಗಿ, ಜೇಬಿನ ತುಂಬ ಬನ್ನಿ ಎಲೆ.

“ಕುಂಡ್ರು ಕಲ್ಮೇಶ.”

“ನಿಂತೇ ಇರತೇನ್ರಿ.”

“ನಿನ್ನಿ ಲೈವ್ ಬಿಟ್ಟಾಂವ ನೀನ. ಬೆಳಿಗ್ಗೆ ಕೇಳಿದಾಗ ಯಾಕ ಹೇಳಲಿಲ್ಲ?”

“ಕೇಳಲಿಲ್ರಲ್ರಿ.”

“ಈಗ ಕೇಳಾಕತ್ತೇನಿ. ಆ ಮೊಬೈಲಿನ ಹತ್ರ ಯಾಕ ಬಗ್ಗಿದಿ?”

“ಪೂಜಿ ಚಂದ ಕಾಣ್ಲಿ ಅಂತ.”

“ಕಂಪ್ಯೂಟರಿನ ಹತ್ರ ಬಗ್ಗಲಿಲ್ಲ. ಮೈಕಿನ ಹತ್ರ ಬಗ್ಗಲಿಲ್ಲ. ಪಾನಾ ನಿನ್ನವ, ಅವಕ್ಕೂ ಬಗ್ಗಲಿಲ್ಲ. ಮೊಬೈಲಿಗೆ ಒಂದಕ್ಕ ಬಗ್ಗಿದಿ. ಅದಕ್ಕಿಂತ ಮೊದಲ ಏನೋ ಓದಿದಿ. ಏನ್ ಓದಿದಿ?”

ಕಲ್ಮೇಶನ ಕಣ್ಣು ಬಾಗಿಲಿಗೆ ಹೋಗಿ, ಬಾಳೇಶನ ಹೊಟ್ಟೆಗೆ ಬಡಿದು, ಮರಳಿ ಬಂತು.

“ಯಾರೋ ಕಾಮೆಂಟ್ ಹಾಕಿದ್ರು, ಹೌದಿಲ್ಲೋ? ಮೊಬೈಲ್ ಹತ್ರದಿಂದ ತೋರಸು ಅಂತ?”

“ನನಗ ಗೊತ್ತಿಲ್ರಿ.”

“ಪೇಜ್ ಕಸಗೊಂಡಾಂವ ಲೈವ್ ಅಳಿಸ್ಯಾನ, ಕಾಮೆಂಟೂ ಹೋಗ್ಯಾವ. ಓದಿದಾಂವ ನೀ ಒಬ್ಬನ. ಹೆಸರ ಹೇಳಿದ್ರ ಮೀನಾ ಮನಿಗೆ ಹೊಕ್ಕಾಳ. ಹೇಳದಿದ್ರ ದೀಪಾ ಹಚ್ಚೂ ಹೊತ್ತಿಗೆ ಆಕಿ ಜೈಲಿಗೆ. ಆಕಿ ನಿಂಗ ಏನಕ್ಕಾಳ?”

“ತಂಗಿ ಇದ್ದಂಗ್ರಿ.” ಅವನು ಬಲಗೈ ಮಣಿಕಟ್ಟು ಮುಟ್ಟಿಕೊಂಡ. “ಪ್ರತಿ ವರ್ಷ ರಾಖಿ ಕಟ್ಟತಾಳ.”

“ತಂಗಿಗೆ ಹಿಂಗ ಮಾಡತಾರೇನು?”

“ಮೇಡಂ, ನನ್ನ ಬಿಡ್ರಿ. ನಿಮ್ಮ ಕಾಲಿಗೆ ಬೀಳತೇನಿ.”

“ಯಾರಿಗೆ ಅಂಜತಿ? ಲಾರಿಯವರಿಗೆ?”

ಅವನು ತಲೆ ಅಲ್ಲಾಡಿಸಿದ.

“ಊರ ಗೌಡ್ರಿಗೆ? ಯಾವನಾರ ಲೀಡರ್‌ಗೆ? ನಾ ಇದ್ದೇನಿ. ನಿನ್ನ ಮೈ ಯಾರ ಮುಟ್ಟತಾರ ನೋಡೂಣು. ಹೇಳು, ಯಾರಿಗೆ ಅಂಜತಿ?”

ಕಲ್ಮೇಶ ನಿಧಾನವಾಗಿ ತಲೆ ಎತ್ತಿದ. ಕಣ್ಣಲ್ಲಿ ನೀರಿತ್ತು, ಅದರ ಹಿಂದೆ, ಬೆಳಗಿನಿಂದ ನುಂಗಿಟ್ಟ ಸಿಟ್ಟಿತ್ತು.

“ನಿಮಗ್ರಿ,” ಎಂದ.

“ನನಗ?” ಎಂದಳು ಉಮಾಶ್ರೀ.

“ಕಾಮೆಂಟ್ ಹಾಕಿದಾಕಿ ಸೈಬರ್ ಅಕ್ಕರಿ. ‘ಮೊಬೈಲಿಗೆ ಪೂಜೆ, ಭಾಳ ಚಂದ, ಹತ್ರದಿಂದ ತೋರಸ್ರಿ’ ಅಂತ ಬಂತು. ಸೈಬರ್ ಅಕ್ಕನ ಕೇಳ್ಯಾಳಂದ್ರ ತೋರಸಲಾರದ ಇರಾಕ ಆಕ್ಕೇತೇನ್ರಿ? ನಾ ಖುಷೀಲೆ ಬಗ್ಗಿದ್ನಿ. ಕೇಳಿದವ್ರೂ ನೀವ. ಈಗ ಹಿಡಿಯಾಕ ಬಂದವ್ರೂ ನೀವ. ನಾ ಯಾರ ಮುಂದ ಹೇಳಲಿ?”

‘ಸೈಬರ್ ಅಕ್ಕ’ ಅಂದರೆ ಉಮಾಶ್ರೀಯೇ. ನದಿಪಟ್ಟಿಯ ಹಳ್ಳಿಗಳ ಜನಕ್ಕೆ ಮೋಸಗಾರರಿಂದ ಎಚ್ಚರ ಇರಲು ಹೇಳುವ ಪೊಲೀಸ್ ಪೇಜು ಅದು. ಓಟಿಪಿ ಯಾರಿಗೂ ಕೊಡಬ್ಯಾಡ್ರಿ ಎಂದು ವಾರಕ್ಕೊಮ್ಮೆ ನಗುನಗುತ್ತ ವಿಡಿಯೋ ಮಾಡಿ ಹಾಕುತ್ತಿದ್ದವಳು ಅವಳು. ಅದರ ಪಾಸ್‌ವರ್ಡ್ ಗೊತ್ತಿದ್ದದ್ದು ಅವಳೊಬ್ಬಳಿಗೇ. ನಿನ್ನೆಯ ಆ ಹೊತ್ತಿನಲ್ಲಿ ಅವಳು ರಾಮದುರ್ಗದ ತವರುಮನೆಯಲ್ಲಿ ಹಬ್ಬದೂಟ ಉಂಡು ಮಲಗಿದ್ದಳು. ಆಗ ಮೊಬೈಲು ಮುಟ್ಟಿಲ್ಲ ಎನ್ನುವುದಕ್ಕೆ ಸಾಕ್ಷಿ ಯಾರೂ ಇಲ್ಲ.

“ನಾ ಹಾಕಿಲ್ಲ ಕಲ್ಮೇಶ.”

“ಮೀನಾನೂ ಹಂಗ ಅಂತಾಳ್ರಿ.”

ಬಾಳೇಶ ಮೊದಲ ಬಾರಿಗೆ ತಮಾಷೆ ಮರೆತು ನಿಂತಿದ್ದ. ಅವನು ಉಮಾಶ್ರೀಯನ್ನು ನೋಡಿದ ನೋಟದಲ್ಲಿ ಒಂದು ಎಳೆ ಅನುಮಾನವಿತ್ತು. ಅದನ್ನು ಮುಚ್ಚಲು ಅವನು ತಕ್ಷಣ ನೆಲ ನೋಡಿದ.

ಉಮಾಶ್ರೀ ಎರಡೂ ದಾರಿ ಕಂಡಳು. ಕಲ್ಮೇಶನ ಮಾತು ಈ ಕೋಣೆಯಲ್ಲೇ ಉಳಿದರೆ ತನ್ನ ಹೆಸರು ಉಳಿಯುತ್ತದೆ, ಮೀನಾ ಹೋಗುತ್ತಾಳೆ. ಕಲ್ಮೇಶನ ಮಾತು ಹೊರಗೆ ಹೋದರೆ ಮೀನಾ ಉಳಿಯುತ್ತಾಳೆ. ಬೆಂಚಿನ ಮೇಲೆ ಆ ಜಾಗಕ್ಕೆ ತಾನು. ಹೊರಗೆ ಯಾರದೋ ಮನೆಯಲ್ಲಿ ದೀಪ ಹಚ್ಚುವ ಹೊತ್ತಿನ ಗಂಟೆ ಬಾರಿಸತೊಡಗಿತು.

“ಬಾಳೇಶ, ನಿನ್ನ ಮೊಬೈಲ್ ತಗಿ.”

“ಯಾಕ್ರಿ?”

“ಇವ ಹೇಳೂದನ್ನ ರೆಕಾರ್ಡ್ ಮಾಡು. ದೇವಕ್ಕಾರ ವಿಡಿಯೋ ಜೋಡಿ ಸಾಹೇಬ್ರಿಗೆ ಕಳಸು. ಒಂದ ಮಾತ ಬಿಡಬ್ಯಾಡ.”

“ಮೇಡಂ... ಸೈಬರ್ ಅಕ್ಕ ಅನ್ನೂದನ್ನೂ?”

“ಅದನ್ನ ಮೊದಲ.” ಅವಳು ಕಲ್ಮೇಶನ ಎದುರಿಗೆ ನಿಂತಳು. “ಹೇಳಪ್ಪಾ. ನನ್ನ ಮಾರಿ ನೋಡಕೊಂತ ಹೇಳು. ಅಂಜಬ್ಯಾಡ. ಏನ್ ಕಾಮೆಂಟ್ ಬಂತು, ಯಾರ ಹೆಸರ ಮ್ಯಾಲೆ ಬಂತು?”

ಕಲ್ಮೇಶ ಬಾಯಿ ತೆರೆದ. “ಸೈಬರ್ ಅಕ್ಕ ಅಂತ...”

ಉಮಾಶ್ರೀಯ ಜೇಬಿನಲ್ಲಿ ಮೊಬೈಲು ನಡುಗಿತು. ಸಾಹೇಬರು.

“ಸರ್, ಈಗ ನಾನ ಫೋನ್ ಮಾಡಾಕತ್ತಿದ್ನಿ. ಮೀನಾಂದು ಏನೂ ತಪ್ಪಿಲ್ರಿ. ಸಾಕ್ಷಿ ಸಿಕ್ಕೈತಿ, ಕಳಸಾಕತ್ತೇನಿ...”

“ಸಿಕ್ಕೈತೇನು?” ಮಲಕಾಜಪ್ಪ ಸಾಹೇಬರ ದನಿ ಗುಡುಗಲಿಲ್ಲ. ತಣ್ಣಗಿತ್ತು. ಅದೇ ಹೆದರಿಕೆ ಹುಟ್ಟಿಸಿತು. “ಸಿಕ್ಕೈತೋ, ನೀ ಬಾಯಿಪಾಠ ಮಾಡಸಾಕತ್ತೀಯೋ?”

“ಏನಂದ್ರಿ ಸರ್?”

“ನಿನ್ನ ಪೇಜ್ ತಗದು ನೋಡು.”

ಫೋನು ಕಿವಿಯಿಂದ ಇಳಿಸಿ, ಪೇಜ್ ತೆರೆದಳು. ಪಾಸ್‌ವರ್ಡ್ ತಪ್ಪು ಎಂದಿತು. ಮತ್ತೆ ಒತ್ತಿದಳು. ತಪ್ಪು. ಬಾಳೇಶನ ಮೊಬೈಲು ಕಸಿದುಕೊಂಡು, ಊರ ಮಂದಿ ನೋಡುವ ಹಾಗೆ ಹೊರಗಿನಿಂದ ತೆರೆದಳು.

ಸೈಬರ್ ಅಕ್ಕ ಪೇಜಿನಲ್ಲಿ ಲೈವ್ ನಡೆದಿತ್ತು.

ಒಂದು ಸಣ್ಣ ಕೋಣೆ. ಗೋಡೆಗೆ ಒರಗಿದ ಬಿಳಿ ಅಂಗಿಯ ಆಳು. ಅವನ ಎದುರು ಖಾಕಿ ತೊಟ್ಟ ಹೆಂಗಸೊಬ್ಬಳು, ಬೆನ್ನು ಮಾತ್ರ ಕಾಣುತ್ತಿತ್ತು. ಮೇಲೆ ದಪ್ಪ ಅಕ್ಷರದ ಸಾಲು: “ಆರೋಪಿಯನ್ನು ಉಳಿಸಲು ಸಾಕ್ಷಿಗೆ ಮಾತು ಕಲಿಸುತ್ತಿರುವ ಪಿಎಸ್‌ಐ. ನೀವೇ ನೋಡಿ.”

ಉಮಾಶ್ರೀ ಎಡಗೈ ಎತ್ತಿದಳು. ಸ್ವಲ್ಪ ತಡೆದು, ಪರದೆಯೊಳಗಿನ ಖಾಕಿ ಹೆಂಗಸೂ ಎಡಗೈ ಎತ್ತಿದಳು.

“ಇನ್ನ ಆ ಡ್ರೈವರನ ಮಾತಿಗೆ ಮೂರು ಕಾಸಿನ ಬೆಲಿ ಇಲ್ಲ,” ಕೈಯಲ್ಲಿದ್ದ ಫೋನಿನಿಂದ ಸಾಹೇಬರ ದನಿ ಸಣ್ಣಗೆ ಬರುತ್ತಿತ್ತು. “ಮೀನಾನ್ನ ಕರಕೊಂಡು ಗಾಡಿ ಹೊಂಟೈತಿ. ನೀ ಅಲ್ಲೇ ಇರು. ನಾ ಬರಾಕತ್ತೇನಿ, ನಿನಗಾಗಿ.”

ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಅದು ತೆರೆದಿತ್ತು, ಅವಳ ಬೆನ್ನ ಹಿಂದೆ.

ಅವಳು ಗಿರಕ್ಕನೆ ತಿರುಗಿದಳು.

ಪೊಲೀಸರು ಒಳಗೆ ಯಾರನ್ನೋ ಹಿಡಿದಿದ್ದಾರೆಂದು ಓಣಿಯೆಲ್ಲ ಕಿಟಕಿಗೆ ಬಂದು ಮುತ್ತಿತ್ತು. ಗಂಡಸರು, ಹೆಂಗಸರು, ಹೆಗಲ ಮೇಲೆ ಕೂತ ಮಕ್ಕಳು. ಎಲ್ಲರ ಒಂದು ಕೈಯಲ್ಲಿ ಬನ್ನಿ. ಇನ್ನೊಂದು ಕೈಯಲ್ಲಿ, ಅವಳ ಮುಖಕ್ಕೇ ಗುರಿಯಿಟ್ಟು ಎತ್ತಿ ಹಿಡಿದ ಮೊಬೈಲು.